ಉಸಿರು ಹಿಡಿಯಬೇಡಿ, ಎದ್ದು ನಿಲ್ಲಬೇಡಿ: ಸ್ಕೂಬಾ ಮತ್ತು ರಾಫ್ಟಿಂಗ್‌ನ ಎರಡು ಉಲ್ಟಾ ನಿಯಮಗಳು

ನೀರಿನಲ್ಲಿ ಮುಳುಗಿದರೆ ಉಸಿರು ಬಿಗಿಹಿಡಿಯಬೇಕು. ಹೊಳೆಯಲ್ಲಿ ಬಿದ್ದು ಕಾಲಿಗೆ ನೆಲ ಸಿಕ್ಕಿದರೆ ಎದ್ದು ನಿಲ್ಲಬೇಕು. ಇವೆರಡನ್ನೂ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಕೆಟ್ಟಿಗೆ ಮುಖ ಅದ್ದಿ ಆಡುವ ಮಗುವಿಗೂ ಮೊದಲನೆಯದು ತಾನಾಗಿ ಬರುತ್ತದೆ.

ಆದರೆ ರಜೆಗೆ ಹೋದಲ್ಲಿ ಸ್ಕೂಬಾ ಡೈವಿಂಗ್‌ಗೆ ಹೆಸರು ಕೊಟ್ಟು ನೋಡಿ. ತರಬೇತುದಾರರ ಬಾಯಿಂದ ಬರುವ ಮೊದಲ ಮಾತೇ "ಕೆಳಗೆ ಉಸಿರು ಹಿಡಿಯಬೇಡಿ" ಅಂತ. ರಭಸದ ನದಿಯಲ್ಲಿ ರಬ್ಬರ್ ದೋಣಿ ಹತ್ತುವ ರಾಫ್ಟಿಂಗ್‌ಗೆ ಹೋದರೆ ಗೈಡ್ ಹೇಳುವುದು "ದೋಣಿಯಿಂದ ಬಿದ್ದರೆ ಎದ್ದು ನಿಲ್ಲೋಕೆ ಹೋಗಬೇಡಿ" ಅಂತ. ಹುಟ್ಟಿನಿಂದ ಬಂದ ಬುದ್ಧಿಗೆ ಎರಡೂ ಉಲ್ಟಾ. ಹೊರಡುವ ಗಡಿಬಿಡಿಯಲ್ಲಿ, ಫೋಟೊ ಹೊಡೆಸಿಕೊಳ್ಳುವ ಸಂಭ್ರಮದಲ್ಲಿ, ನಾವು ಸುಮ್ನೆ ತಲೆಯಾಡಿಸಿ ಫಾರಂಗೆ ಸಹಿ ಹಾಕಿಬಿಡುತ್ತೇವೆ.

ಈ ಎರಡು ಮಾತುಗಳನ್ನು ಬಿಡಿಸಿ ನೋಡಿದರೆ ಎರಡೂ ಆಟಗಳು ಹೆಚ್ಚುಕಡಿಮೆ ಪೂರ್ತಿ ಅರ್ಥವಾಗುತ್ತವೆ. ಸ್ಕೂಬಾದಲ್ಲಿ ನೀರು ನಮ್ಮ ಮೇಲೆ ಕೂತಿರುತ್ತದೆ. ರಾಫ್ಟಿಂಗ್‌ನಲ್ಲಿ ನಮ್ಮನ್ನು ದೂಡುತ್ತಿರುತ್ತದೆ. ಅಲ್ಲಿ ಲೆಕ್ಕ ತೂಕದ್ದು, ಇಲ್ಲಿ ಓಟದ್ದು.

## ಮೇಲೆ ಕೂತ ನೀರು

ಸ್ಕೂಬಾ ಅನ್ನುವುದು ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ಸೆಲ್ಫ್ ಕಂಟೇನ್ಡ್ ಅಂಡರ್‌ವಾಟರ್ ಬ್ರೀದಿಂಗ್ ಅಪರೇಟಸ್. ಅಂದರೆ ಮೇಲಿನಿಂದ ಪೈಪಿನ ನಂಟಿಲ್ಲದೆ, ಬೇಕಾದ ಗಾಳಿಯನ್ನು ಬೆನ್ನಿಗೇ ಕಟ್ಟಿಕೊಂಡು ನೀರೊಳಗೆ ಉಸಿರಾಡುವ ಸಲಕರಣೆ.

ಇಷ್ಟೆಲ್ಲ ಸಲಕರಣೆ ಯಾಕೆ ಬೇಕು? ಉದ್ದದ ಕೊಳವೆಯೊಂದರ ತುದಿಯನ್ನು ನೀರಿನ ಮೇಲೆ ಬಿಟ್ಟು, ಕೆಳಗೆ ಕೂತು ಉಸಿರೆಳೆಯಬಾರದೇ? ಆಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒತ್ತಡದ ಲೆಕ್ಕ ಗೊತ್ತಿರಬೇಕು.

ಈಗ ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಮೇಲೆ ಆಕಾಶದಷ್ಟೆತ್ತರ ಗಾಳಿ ಇದೆ. ಗಾಳಿಗೂ ತೂಕವಿದೆ. ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಅದು ಸುಮಾರು 1 ಕಿಲೋ ಭಾರ ಹೇರುತ್ತದೆ. ಹುಟ್ಟಿದಾಗಿನಿಂದ ಹೊತ್ತಿರುವುದರಿಂದ ನಮಗೆ ಅದು ಗೊತ್ತೇ ಆಗುವುದಿಲ್ಲ. ಈ ಭಾರಕ್ಕೆ ಒಂದು ವಾತಾವರಣ ಒತ್ತಡ ಅನ್ನುತ್ತಾರೆ. ನೀರು ಗಾಳಿಗಿಂತ ತುಂಬಾ ಭಾರ. ಅಷ್ಟೆತ್ತರದ ಗಾಳಿಯೆಲ್ಲ ಸೇರಿ ಹೇರುವ ಭಾರವನ್ನು ಬರೀ 10 ಮೀಟರ್ ನೀರು ಹೇರುತ್ತದೆ. ಮೂರಂತಸ್ತಿನ ಕಟ್ಟಡದ ಎತ್ತರ, ಅಷ್ಟೇ. ಹಾಗಾಗಿ 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು, 30ರಲ್ಲಿ ನಾಲ್ಕು ಪಟ್ಟು.

ನಮ್ಮ ಮಾಂಸ, ರಕ್ತ, ಮೂಳೆಗೆ ಇದರಿಂದ ಅಷ್ಟೇನೂ ಆಗುವುದಿಲ್ಲ. ಮೈಯ ಬಹುಪಾಲು ನೀರೇ, ನೀರನ್ನು ಹಿಂಡಿ ಚಿಕ್ಕದು ಮಾಡಲು ಬರುವುದಿಲ್ಲ. ತೊಂದರೆ ಇರುವುದು ಗಾಳಿ ತುಂಬಿದ ಜಾಗಗಳಲ್ಲಿ. ಶ್ವಾಸಕೋಶ, ಕಿವಿಯ ಒಳಭಾಗ, ಮೂಗಿನ ಅಕ್ಕಪಕ್ಕದ ಟೊಳ್ಳು, ಮುಖಕ್ಕೆ ಹಾಕಿಕೊಂಡ ಮಾಸ್ಕ್. ಸ್ಕೂಬಾದ ನಿಯಮಗಳಲ್ಲಿ ಮುಕ್ಕಾಲು ಪಾಲು ಈ ಜಾಗಗಳ ಬಗ್ಗೆಯೇ.

ಈಗ ಕೊಳವೆಗೆ ಬರೋಣ. 1 ಮೀಟರ್ ಆಳದಲ್ಲೇ ನಿಮ್ಮ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಹೆಚ್ಚುವರಿ ಭಾರ ಬೀಳುತ್ತದೆ. ಇಡೀ ಎದೆಗೂಡಿಗೆ ಕೂಡಿಸಿದರೆ ಅದು ಹತ್ತಾರು ಕಿಲೋ ಆಯಿತು. ಮೇಲಿನಿಂದ ಬರುವ ಗಾಳಿಗೆ ಮಾತ್ರ ಮೇಲಿನ ಒತ್ತಡವೇ ಇರುತ್ತದೆ. ಎದೆಯ ಮೇಲೆ ಒಬ್ಬ ಮನುಷ್ಯ ಕೂತಿರುವಾಗ ಉಸಿರೆಳೆದ ಹಾಗೆ. ನೀರಿನ ಮೇಲೆಯೇ ಮುಖ ಅದ್ದಿ ಈಜುವವರ ಸ್ನಾರ್ಕೆಲ್ ಕೊಳವೆಗಳು ಒಂದು ಮೊಳಕ್ಕಿಂತ ಉದ್ದ ಇರದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ದಾರಿ? ಹೊರಗೆ ಎಷ್ಟು ಒತ್ತಡ ಇದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಬಾಯಿಗೆ ಕೊಡಬೇಕು. 10 ಮೀಟರಿನಲ್ಲಿ ಎರಡು ಪಟ್ಟು ಒತ್ತಿದ ಗಾಳಿ, 20ರಲ್ಲಿ ಮೂರು ಪಟ್ಟು. ಅದೂ ಉಸಿರೆಳೆದಾಗ ಮಾತ್ರ, ಎಳೆದಷ್ಟು ಮಾತ್ರ. ಈ ಕೆಲಸ ಮಾಡುವ ಚಿಕ್ಕ ಉಪಕರಣಕ್ಕೆ ರೆಗ್ಯುಲೇಟರ್ ಅಂತ ಹೆಸರು. 1943ರಲ್ಲಿ ಫ್ರಾನ್ಸ್‌ನಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗ್ಯಾನ್ಯಾನ್ ಇದನ್ನು ಒಂದು ರೂಪಕ್ಕೆ ತಂದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಎಂಜಿನ್ ಎಳೆದಷ್ಟು ಗ್ಯಾಸ್ ಬಿಡುವ ವಾಲ್ವ್ ಒಂದನ್ನು ಗ್ಯಾನ್ಯಾನ್ ಮಾಡಿದ್ದರು. ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದರು. ಇವತ್ತಿನ ಎಲ್ಲ ರೆಗ್ಯುಲೇಟರ್‌ಗಳೂ ಅದರ ಮರಿಮಕ್ಕಳೇ.

## ಸಿಲಿಂಡರಿನಲ್ಲಿ ಇರುವುದು ಬರೀ ಗಾಳಿ

ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ ಅಂತ ಟಿವಿಯವರೂ ಹೇಳುತ್ತಾರೆ. ತಪ್ಪು. ಅದರಲ್ಲಿ ಇರುವುದು ನಾವು ದಿನಾ ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕ ಒತ್ತಡ ಹೆಚ್ಚಿದಾಗ ಮೈಗೆ ವಿಷವಾಗುತ್ತದೆ. 6 ಮೀಟರಿಗಿಂತ ಕೆಳಗೆ ಅದನ್ನು ಉಸಿರಾಡಿದರೆ ಫಿಟ್ಸ್ ಬರುವ ಅಪಾಯವಿದೆ.

ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ? 12 ಲೀಟರಿನ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಎಳೆಯುವವರಿಗೆ ನೀರಿನ ಮೇಲೆ ಅದು 120 ನಿಮಿಷ ಆಯಿತು. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಎರಡು ಪಟ್ಟು ಗಾಳಿ ತುಂಬಿಕೊಳ್ಳುವುದರಿಂದ 60 ನಿಮಿಷ. 30 ಮೀಟರಿನಲ್ಲಿ 30 ನಿಮಿಷ. ಸಿಲಿಂಡರ್ ಖಾಲಿಯಾಗುವವರೆಗೆ ಯಾರೂ ಕಾಯುವುದಿಲ್ಲ, ಕಾಲುಭಾಗ ಇರುವಾಗಲೇ ಮೇಲೆ ಬಂದಿರಬೇಕು. ಹಾಗಾಗಿ ಇನ್ನೂ ಕಡಿಮೆ ಅಂತಲೇ ಲೆಕ್ಕ. ಗಾಬರಿಯಾಗಿ ಏದುಸಿರು ಬಿಡುವವರ ಗಾಳಿ ಬೇಗ ಮುಗಿಯುತ್ತದೆ. ನಿಧಾನವಾಗಿ ಉಸಿರಾಡಿ ಅಂತ ಮತ್ತೆ ಮತ್ತೆ ಹೇಳುವುದು ಸಮಾಧಾನ ಮಾಡುವುದಕ್ಕಷ್ಟೇ ಅಲ್ಲ.

## ಉಸಿರು ಹಿಡಿದರೆ ಏನಾಗುತ್ತದೆ

ಈಗ ಮೊದಲ ಉಲ್ಟಾ ನಿಯಮ. ಒಂದು ಬಲೂನು ತೆಗೆದುಕೊಳ್ಳಿ. ಅದನ್ನು 10 ಮೀಟರ್ ಆಳಕ್ಕೆ ಒಯ್ದು, ಅಲ್ಲಿ ಗಾಳಿ ತುಂಬಿ, ಬಾಯಿ ಕಟ್ಟಿ ಬಿಟ್ಟುಬಿಡಿ. ಮೇಲೆ ಏರಿದ ಹಾಗೆ ಸುತ್ತಲಿನ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ನೀರಿನ ಮೇಲೆ ಬರುವ ಹೊತ್ತಿಗೆ ಅದು ಎರಡು ಪಟ್ಟು ಆಗಬೇಕು. ಆಗಲೇ ಬಿಗಿಯಾಗಿ ತುಂಬಿದ್ದರೆ ಒಡೆಯುತ್ತದೆ. ಒತ್ತಡ ಅರ್ಧವಾದರೆ ಗಾಳಿಯ ಗಾತ್ರ ಇಮ್ಮಡಿ ಅನ್ನುವ ಈ ನಿಯಮವನ್ನು 1662ರಲ್ಲೇ ರಾಬರ್ಟ್ ಬಾಯ್ಲ್ ಬರೆದಿಟ್ಟಿದ್ದರು. ಶಾಲೆಯಲ್ಲಿ ಓದಿ ಮರೆತಿರುತ್ತೇವೆ, ಅಲ್ವಾ?

ಬಲೂನಿನ ಜಾಗದಲ್ಲಿ ಶ್ವಾಸಕೋಶ ಇಟ್ಟು ನೋಡಿ. ದೊಡ್ಡವರ ಶ್ವಾಸಕೋಶ ಪೂರ್ತಿ ತುಂಬಿದರೆ ಸುಮಾರು 6 ಲೀಟರ್ ಹಿಡಿಯುತ್ತದೆ. 10 ಮೀಟರಿನಲ್ಲಿ ರೆಗ್ಯುಲೇಟರಿನಿಂದ ಪೂರ್ತಿ ಉಸಿರೆಳೆದು, ಬಾಯಿ ಗಂಟಲು ಬಿಗಿಹಿಡಿದು ಮೇಲೆ ಬಂದರೆ ಆ 6 ಲೀಟರ್ 12 ಲೀಟರ್ ಆಗಬೇಕಾಗುತ್ತದೆ. ಜಾಗ ಎಲ್ಲಿದೆ? ಶ್ವಾಸಕೋಶದ ತೆಳು ಗೋಡೆ ಹರಿಯುತ್ತದೆ. ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳಿನವರೆಗೂ ಹೋಗಬಹುದು. ಇದಕ್ಕೆ 10 ಮೀಟರ್ ಆಳವೂ ಬೇಕಿಲ್ಲ. ತುಂಬಿದ ಶ್ವಾಸಕೋಶಕ್ಕೆ ಒಂದೆರಡು ಮೀಟರ್ ಏರಿದರೂ ಪೆಟ್ಟಾಗಬಹುದು. ಆದ್ದರಿಂದ ಈಜುಕೊಳದಲ್ಲಿ ಕಲಿಯುವಾಗಲೂ ಇದೇ ನಿಯಮ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೊಳದಲ್ಲಿ ಮೇಲಿನಿಂದ ಉಸಿರು ಹಿಡಿದು ಮುಳುಗು ಹಾಕಿ ಬರುವವರಿಗೆ ಹೀಗೇನೂ ಆಗುವುದಿಲ್ಲ. ಅವರು ಮೇಲಿನ ಗಾಳಿಯನ್ನೇ ತೆಗೆದುಕೊಂಡು ಹೋಗಿರುತ್ತಾರೆ. ಕೆಳಗೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ತೊಂದರೆ ಇರುವುದು ಕೆಳಗೆ ಒತ್ತಿದ ಗಾಳಿ ತುಂಬಿಕೊಂಡವರಿಗೆ. ಆದ್ದರಿಂದಲೇ ಹಳೆಯ ಈಜುಗಾರರ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ.

ಇನ್ನೊಂದು ಮಾತು. ಆಳಕ್ಕೆ ಹೋದಷ್ಟೂ ಅಪಾಯ ಜಾಸ್ತಿ ಅಂತ ನಮ್ಮ ಅಂದಾಜು. ಗಾಳಿ ಹಿಗ್ಗುವ ಲೆಕ್ಕದಲ್ಲಿ ಅದು ಸರಿಯಲ್ಲ. 30 ಮೀಟರಿನಿಂದ 20ಕ್ಕೆ ಬಂದರೆ ಗಾತ್ರ ಮೂರನೇ ಒಂದು ಪಾಲು ಹೆಚ್ಚುತ್ತದೆ. 10ರಿಂದ ಮೇಲಕ್ಕೆ ಬಂದರೆ ಎರಡು ಪಟ್ಟು ಆಗುತ್ತದೆ. ಕೊನೆಯ 10 ಮೀಟರೇ ಎಲ್ಲಕ್ಕಿಂತ ನಾಜೂಕು.

## ಕಿವಿ ಹೇಳಿದ್ದನ್ನು ಕೇಳಿ

ಶ್ವಾಸಕೋಶ ಮುಂಚೆ ಹೇಳುವುದಿಲ್ಲ. ಕಿವಿ ಹೇಳುತ್ತದೆ. ಇಳಿಯಲು ಶುರು ಮಾಡಿದ ಒಂದೆರಡು ಮೀಟರಿನಲ್ಲೇ ಕಿವಿ ಬಿಗಿಯುತ್ತದೆ. ವಿಮಾನ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದೇ. ಹೊರಗಿನ ನೀರು ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತಿರುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ತಮಟೆಯ ಹಿಂದಿನ ಮಧ್ಯಕಿವಿಗೆ ಗಾಳಿ ಹೋಗಿ ಎರಡೂ ಕಡೆ ಸಮವಾಗುತ್ತದೆ. ನೋವು ಶುರುವಾಗುವ ಮುಂಚೆಯೇ ಇದನ್ನು ಮಾಡಬೇಕು. ಮೀಟರಿಗೊಂದು ಸಲ ಮಾಡಿದರೂ ಜಾಸ್ತಿಯಲ್ಲ. ನೋವು ಬಂದರೆ ಇನ್ನೂ ಜೋರಾಗಿ ಊದಬಾರದು. ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು.

ಶೀತ ಆಗಿದ್ದರೆ ಈ ಗಾಳಿದಾರಿ ಊದಿಕೊಂಡು ಮುಚ್ಚಿರುತ್ತದೆ. ಅವತ್ತು ಡೈವಿಂಗ್ ಬೇಡ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರೊಳಗೆ ಇರುವಾಗಲೇ ಇಳಿದುಬಿಡಬಹುದು. ಆಗ ಹಿಗ್ಗಿದ ಗಾಳಿ ಹೊರಬರಲು ದಾರಿಯಿಲ್ಲದೆ, ಮೇಲೆ ಬರುವುದೇ ಕಷ್ಟವಾಗುತ್ತದೆ. ದುಡ್ಡು ಕಟ್ಟಿಬಿಟ್ಟಿದ್ದೇವೆ ಅಂತ ಇಳಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

## ಸೋಡಾ ಬಾಟಲಿ

ಉಸಿರು ಬಿಡುತ್ತಾ ಇದ್ದರೆ ಸಾಕು, ಸರ‍್ರನೆ ಮೇಲೆ ಬರಬಹುದಾ? ಅದೂ ಆಗದು. ಇದಕ್ಕೆ ಕಾರಣ ನೈಟ್ರೋಜನ್, ಅಂದರೆ ಸಾರಜನಕ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ 78 ಪಾಲು ಅದೇ. ಮೇಲೆ ಇರುವಾಗ ಅದು ಬಂದಷ್ಟೇ ಹೋಗುತ್ತದೆ. ಒತ್ತಡ ಹೆಚ್ಚಾದಾಗ ಮಾತ್ರ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗುತ್ತಾ ಹೋಗುತ್ತದೆ. ಮುಚ್ಚಿದ ಸೋಡಾ ಬಾಟಲಿಯೊಳಗೆ ಗ್ಯಾಸ್ ಕರಗಿರುವ ಹಾಗೆ. ಬಾಟಲಿಯಲ್ಲಿ ಗುಳ್ಳೆ ಕಾಣುವುದಿಲ್ಲ. ಮುಚ್ಚಳ ಮೆಲ್ಲಗೆ ತಿರುಗಿಸಿದರೆ ಗ್ಯಾಸ್ ಸದ್ದಿಲ್ಲದೆ ಹೋಗುತ್ತದೆ. ಥಟ್ಟನೆ ತೆಗೆದರೆ ನೊರೆ ಉಕ್ಕುತ್ತದೆ. ಬೇಗ ಮೇಲೆ ಬಂದವರ ಮೈಯಲ್ಲಿ ಆಗುವುದೂ ಇದೇ. ಕೀಲುಗಳಲ್ಲಿ ಗುಳ್ಳೆ ಎದ್ದರೆ ಸಹಿಸಲಾಗದ ನೋವು, ಬೆನ್ನುಹುರಿಯಲ್ಲಿ ಎದ್ದರೆ ಲಕ್ವ. ಇದಕ್ಕೆ ಡಿಕಂಪ್ರೆಶನ್ ಕಾಯಿಲೆ ಅನ್ನುತ್ತಾರೆ. ಬೆಂಡ್ಸ್ ಅನ್ನುವುದು ಆಡುಮಾತು.

ಈ ಕಾಯಿಲೆಯನ್ನು ಜನ ಮೊದಲು ಕಂಡದ್ದು ಸಮುದ್ರದಲ್ಲಿ ಆಡುವವರಲ್ಲಿ ಅಲ್ಲ, ಗಣಿ ಅಗೆಯುವವರಲ್ಲಿ, ಸೇತುವೆ ಕಟ್ಟುವವರಲ್ಲಿ. ನದಿಯ ತಳ ಅಗೆಯಲು ಒತ್ತಿದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಗಳನ್ನು ಇಳಿಸಿ, ಅದರೊಳಗೆ ಕೂಲಿಗಳನ್ನು ಇಳಿಸುತ್ತಿದ್ದರು. ಕೆಲಸ ಮುಗಿಸಿ ಹೊರಬಂದವರು ನೋವಿನಿಂದ ಮುರುಟಿಕೊಳ್ಳುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಹೀಗೆ ಹಾಸಿಗೆ ಹಿಡಿದರು. ಮುಂದಿನ ಕೆಲಸದ ಸೂಚನೆಗಳನ್ನೆಲ್ಲ ಅವರ ಹೆಂಡತಿ ಎಮಿಲಿ ಕೆಲಸದ ಜಾಗಕ್ಕೆ ತಲುಪಿಸುತ್ತಿದ್ದರು. 1908ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಬರಬೇಕು ಅನ್ನುವ ಪಟ್ಟಿ ಹೊರತಂದರು. ಇವತ್ತು ಡೈವರ್‌ಗಳ ಮಣಿಕಟ್ಟಿನಲ್ಲಿರುವ ಕಂಪ್ಯೂಟರಿನ ಲೆಕ್ಕದ ಬೇರು ಅಲ್ಲಿದೆ.

ಈಗಿನ ರೂಢಿ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು ಅಂತ. ಕೊನೆಗೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬರುವುದು ಇನ್ನೊಂದು ರೂಢಿ. ಆ ಮೂರು ನಿಮಿಷ ಮುಚ್ಚಳವನ್ನು ಮೆಲ್ಲಗೆ ತಿರುಗಿಸುವ ಹೊತ್ತು. ಮೊದಲ ಸಲ ಇಳಿಯುವವರನ್ನು ಸಾಮಾನ್ಯವಾಗಿ 12 ಮೀಟರಿನೊಳಗೇ ಇರಿಸುತ್ತಾರೆ. ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಮಿತಿ 18 ಮೀಟರ್. 30 ಮೀಟರ್ ದಾಟಿದರೆ ಇದೇ ನೈಟ್ರೋಜನ್ ಕುಡಿದವರ ಹಾಗೆ ಅಮಲು ಏರಿಸುತ್ತದೆ. ಅದು ಆಗಲೇ ಬೇರೆ ತರಬೇತಿಯ ಮಾತು.

## ಕೆಳಗೆ ಕಣ್ಣು, ಕಿವಿ, ಕೈ

ನೀರೊಳಗೆ ವಸ್ತುಗಳು ಕಾಲುಭಾಗ ಹತ್ತಿರ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ನೋಡಿ ಬಂದ ಮೀನಿನ ಅಳತೆಯನ್ನು ಸ್ವಲ್ಪ ಕಡಿಮೆ ಮಾಡಿ ಹೇಳುವುದು ಒಳ್ಳೆಯದು. ಕೆಂಪು ಬಣ್ಣ ಕೆಲವೇ ಮೀಟರಿನಲ್ಲಿ ಮಾಯ. ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಯಾವ ಕಡೆಯಿಂದ ಬಂತು ಅಂತ ಕಿವಿಗೆ ತಿಳಿಯುವುದಿಲ್ಲ. ಮಾತೂ ಇಲ್ಲ. ಕೈಸನ್ನೆಯೇ ಎಲ್ಲ.

ಅದರಲ್ಲಿ ಒಂದನ್ನು ಮರೆಯಬೇಡಿ. ಹೆಬ್ಬೆರಳು ಮೇಲೆತ್ತಿದರೆ "ಚೆನ್ನಾಗಿದೆ" ಅಂತಲ್ಲ, "ಮೇಲೆ ಹೋಗೋಣ" ಅಂತ. ಫೋನಿನಲ್ಲಿ ದಿನಕ್ಕೆ ನೂರು ಸಲ ಹೆಬ್ಬೆರಳು ಒತ್ತಿ ರೂಢಿಯಾದವರು ಖುಷಿಯಿಂದ ಅದನ್ನು ತೋರಿಸುತ್ತಾರೆ, ತರಬೇತುದಾರ ಅವರನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಸರಿಯಾಗಿದ್ದೇನೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

## ದೂಡುವ ನೀರು

ಈಗ ನದಿ. ಇಲ್ಲಿ ಆಳದ ಲೆಕ್ಕ ಬೇಡ. ಮೊಣಕಾಲುದ್ದ ನೀರೂ ಸಾಕು.

ಒಂದು ಘನ ಮೀಟರ್ ನೀರು ಅಂದರೆ 1,000 ಕಿಲೋ. ಚಿಕ್ಕ ಕಾರಿನಷ್ಟು ತೂಕ. ಸಾಧಾರಣ ನದಿಯಲ್ಲೂ ಸೆಕೆಂಡಿಗೆ ಇಂಥ ಹತ್ತಾರು ಘನ ಮೀಟರ್ ಒಂದು ಜಾಗ ದಾಟಿ ಹೋಗುತ್ತದೆ. ಸೆಕೆಂಡಿಗೆ ಹತ್ತಾರು ಕಾರು. ಅದರ ಜೊತೆಗೆ ಇನ್ನೊಂದು ಲೆಕ್ಕ: ನೀರಿನ ವೇಗ ಎರಡು ಪಟ್ಟಾದರೆ ಅದು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ನಿನ್ನೆ ಸಲೀಸಾಗಿ ದಾಟಿದ ಜಾಗ, ರಾತ್ರಿ ಮಳೆ ಬಂದಮೇಲೆ ಬೇರೆಯೇ ಜಾಗ ಆಗಿರುತ್ತದೆ. ಮೇಲ್ಗಡೆ ಅಣೆಕಟ್ಟಿದ್ದರೆ ಮಳೆಯೂ ಬೇಕಿಲ್ಲ, ಗೇಟು ತೆಗೆದರೆ ಸಾಕು.

ನದಿ ಕಡಿದಾಗಿ ಇಳಿಯುವಲ್ಲಿ, ದಡಗಳು ಹತ್ತಿರ ಬಂದು ಕಿರಿದಾಗುವಲ್ಲಿ, ತಳದಲ್ಲಿ ಬಂಡೆ ಚೆಲ್ಲಿರುವಲ್ಲಿ ನೀರು ನೊರೆಯೆದ್ದು ಕುಣಿಯುತ್ತದೆ. ಇಂಥ ಜಾಗಕ್ಕೆ ರ‍್ಯಾಪಿಡ್ ಅನ್ನುತ್ತಾರೆ. ರಾಫ್ಟಿಂಗ್ ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೂತು, ಹುಟ್ಟು ಹಾಕುತ್ತಾ ಒಂದಾದ ಮೇಲೊಂದು ರ‍್ಯಾಪಿಡ್ ದಾಟುವುದು. 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಅವರ ತಂಡ ಅಮೆರಿಕದ ಕೊಲರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಅನ್ನುವ ಆಳ ಕಣಿವೆ ದಾಟಿದ್ದು ಮರದ ದೋಣಿಗಳಲ್ಲಿ. ಬಂಡೆಗೆ ಬಡಿದರೆ ಮರ ಸೀಳುತ್ತದೆ, ರಬ್ಬರ್ ಪುಟಿಯುತ್ತದೆ. ಎರಡನೇ ಮಹಾಯುದ್ಧ ಮುಗಿದಮೇಲೆ ಸೇನೆಯಲ್ಲಿ ಉಳಿದುಹೋದ ರಬ್ಬರ್ ದೋಣಿಗಳು ಅಗ್ಗಕ್ಕೆ ಮಾರುಕಟ್ಟೆಗೆ ಬಂದವು. ಅಲ್ಲಿಂದ ಇದು ಜನಸಾಮಾನ್ಯರ ಆಟವಾಯಿತು. ಈ ದೋಣಿಯಲ್ಲಿ ಗಾಳಿ ಹಲವು ಕೋಣೆಗಳಲ್ಲಿ ಬೇರೆ ಬೇರೆಯಾಗಿ ತುಂಬಿರುತ್ತದೆ. ಒಂದು ತೂತಾದರೂ ದೋಣಿ ತೇಲುತ್ತದೆ.

## ಗೈಡ್ ನದಿಯನ್ನು ಓದುವ ರೀತಿ

ನಮಗೆ ಬರೀ ನೊರೆ ಕಾಣುವಲ್ಲಿ ಗೈಡ್‌ಗೆ ಅಕ್ಷರ ಕಾಣುತ್ತದೆ. ಎರಡು ಬಂಡೆಗಳ ನಡುವೆ ನುಣುಪಾದ ನೀರು ನಾಲಿಗೆಯ ಹಾಗೆ ಚಾಚಿ, ಅದರ ಚೂಪು ತುದಿ ನದಿ ಹರಿಯುವ ಕಡೆಗೆ ತಿರುಗಿದ್ದರೆ ಅದು ದಾರಿ. ಚೂಪು ತುದಿ ನಮ್ಮ ಕಡೆಗೆ, ಅಂದರೆ ನೀರು ಬರುವ ಕಡೆಗೆ ಇದ್ದರೆ ಅಲ್ಲಿ ಬಂಡೆ ಅಡಗಿದೆ.

ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ನದಿಯ ಓಟಕ್ಕೆ ಎದುರಾಗಿ ಹರಿಯುತ್ತದೆ. ಇದು ಎಡ್ಡಿ. ರಾಫ್ಟಿಂಗ್‌ನವರ ತಂಗುದಾಣ ಇದು. ರಭಸದ ನಡುವೆ ದೋಣಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಲು, ಹಿಂದೆ ಬರುವವರಿಗಾಗಿ ಕಾಯಲು ಇಲ್ಲಿಗೇ ನುಗ್ಗುತ್ತಾರೆ.

ಅಲೆಗಳ ವಿಷಯ ಇನ್ನೂ ಸ್ವಾರಸ್ಯ. ಸಮುದ್ರದಲ್ಲಿ ಅಲೆ ಸಾಗುತ್ತದೆ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ನದಿಯಲ್ಲಿ ಅಲೆ ನಿಂತಲ್ಲೇ ನಿಂತಿರುತ್ತದೆ, ನೀರು ಅದರ ಮೂಲಕ ಓಡುತ್ತದೆ. ನೋಡಿದರೆ ಎದೆ ನಡುಗಿಸುವ ಈ ಅಲೆಗಳೇ ಎಷ್ಟೋ ಸಲ ಎಲ್ಲಕ್ಕಿಂತ ನಿರುಪದ್ರವಿ. ದೋಣಿ ಅವುಗಳ ಮೇಲೆ ಹತ್ತಿ ಇಳಿಯುತ್ತದೆ, ಎಲ್ಲರೂ ನೆನೆದು ಕೂಗುತ್ತಾರೆ, ಅಷ್ಟೇ.

ನಿಜವಾಗಿ ಹೆದರಬೇಕಾದ ಜಾಗಗಳು ಸದ್ದು ಮಾಡುವುದಿಲ್ಲ. ದಡದಿಂದ ಉರುಳಿ ನೀರಿಗೆ ಅಡ್ಡ ಬಿದ್ದ ಮರ ಅದರಲ್ಲಿ ಮೊದಲನೆಯದು. ಜರಡಿಯ ಹಾಗೆ ಅದು ನೀರನ್ನು ಬಿಟ್ಟು ಮನುಷ್ಯನನ್ನು ಹಿಡಿದಿಡುತ್ತದೆ. ಹಿಂದಿನಿಂದ ನೀರು ಒತ್ತುತ್ತಲೇ ಇರುತ್ತದೆ. ಎರಡನೆಯದು ನದಿಗೆ ಅಡ್ಡ ಕಟ್ಟಿದ ಕುಳ್ಳ ಒಡ್ಡು. ಮೇಲಿನಿಂದ ನೋಡಿದರೆ ಮಕ್ಕಳಾಟದ ಜಾರುಬಂಡೆ. ಆದರೆ ಒಡ್ಡಿನಿಂದ ಬಿದ್ದ ನೀರು ಬುಡದಲ್ಲಿ ತಿರುಗಿ ಮತ್ತೆ ಒಡ್ಡಿನ ಕಡೆಗೇ ಸೆಳೆಯುತ್ತದೆ. ಈ ಸುತ್ತು ದಡದಿಂದ ದಡದವರೆಗೂ ಒಂದೇ ಸಮ ಇರುತ್ತದೆ, ಪಕ್ಕಕ್ಕೆ ತಪ್ಪಿಸಿಕೊಳ್ಳಲು ಸಂದಿಯಿಲ್ಲ. ಗಾಳಿ ಬೆರೆತ ನೊರೆನೀರು ತೇಲಿಸುವುದೂ ಕಡಿಮೆ. ಅನುಭವಿ ಗೈಡ್‌ಗಳು ಭಾರಿ ಅಲೆಯ ನಡುವೆ ನಗುತ್ತಾ ಹೋಗಿ, ಇಂಥ ಒಡ್ಡು ಬಂದಲ್ಲಿ ದೋಣಿಯನ್ನು ದಡಕ್ಕೆ ತಂದು ಹೊತ್ತುಕೊಂಡೇ ದಾಟುತ್ತಾರೆ.

## ಎದ್ದು ನಿಂತರೆ ಏನಾಗುತ್ತದೆ

ಎರಡನೇ ಉಲ್ಟಾ ನಿಯಮಕ್ಕೆ ಬಂದೆವು. ದೋಣಿಯಿಂದ ಬಿದ್ದಿರಿ. ಲೈಫ್ ಜಾಕೆಟ್ ತೇಲಿಸಿದೆ. ಕಾಲಿಗೆ ಕಲ್ಲು ತಾಗುತ್ತಿದೆ, ನೀರು ಸೊಂಟದಷ್ಟೇ ಇದೆ. ನಿಂತುಬಿಡೋಣ ಅನ್ನಿಸುತ್ತದೆ.

ನಿಂತಿರಿ ಅಂತಲೇ ಇಟ್ಟುಕೊಳ್ಳಿ. ನದಿಯ ತಳ ಬಂಡೆಗಳ ರಾಶಿ, ನಡುವೆ ಸಂದುಗಳು. ಪಾದ ಒಂದು ಸಂದಿಗೆ ಜಾರುತ್ತದೆ. ಅದೇ ಹೊತ್ತಿಗೆ ನೀರು ಬೆನ್ನಿಗೆ ದೂಡುತ್ತದೆ. ಪಾದ ಸಿಕ್ಕಿಕೊಂಡಲ್ಲೇ ಇರುತ್ತದೆ, ಮೈ ಮುಂದಕ್ಕೆ ಬಾಗುತ್ತದೆ. ಈಗ ಬೆನ್ನ ಮೇಲೆ ಹರಿಯುವ ನೀರು ನಿಮ್ಮನ್ನು ಏಳಲು ಬಿಡುವುದಿಲ್ಲ. ಈಜು ಎಷ್ಟು ಬಂದರೇನು, ತೋಳು ಎಷ್ಟು ಗಟ್ಟಿಯಿದ್ದರೇನು. ಸೊಂಟದುದ್ದ ನೀರಿನಲ್ಲಿ ಮುಳುಗುವುದು ಹೀಗೆ.

ಆದ್ದರಿಂದ ಬಿದ್ದ ಕೂಡಲೇ ಅಂಗಾತ ಮಲಗಬೇಕು. ಪಾದಗಳು ನೀರು ಹೋಗುವ ಕಡೆಗೆ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವ ಹಾಗೆ. ಆರಾಮಕುರ್ಚಿಯಲ್ಲಿ ಕೂತ ಭಂಗಿ ಅನ್ನಿ. ಬಂಡೆ ಎದುರಾದರೆ ಕಾಲಿನಿಂದ ತಳ್ಳಬಹುದು, ತಲೆಗೆ ಪೆಟ್ಟಾಗುವುದಿಲ್ಲ. ದಡಕ್ಕೆ ಬಂದಮೇಲೂ ನೀರು ಮೊಣಕಾಲಿಗಿಂತ ಕೆಳಗೆ ಇಳಿಯುವವರೆಗೆ ನಿಲ್ಲಬಾರದು. ಹಗ್ಗ ಎಸೆದರೆ ಎದೆಯ ಹತ್ತಿರ ಹಿಡಿದು ಅಂಗಾತವೇ ಇರಬೇಕು, ಕೈಗೆ ಸುತ್ತಿಕೊಳ್ಳಬಾರದು. ಸುತ್ತಿದ ಹಗ್ಗವನ್ನು ಬೇಕಾದಾಗ ಬಿಡಲು ಆಗುವುದಿಲ್ಲ.

ಈ ನಿಯಮಕ್ಕೆ ಒಂದೇ ಒಂದು ಅಪವಾದ. ಮುಂದೆ ಆ ಜರಡಿಯಂಥ ಮರ ಕಂಡು, ತಪ್ಪಿಸಿಕೊಳ್ಳಲು ಸಮಯವೇ ಇಲ್ಲವಾದರೆ, ಕಾಲು ಮುಂದೆ ಮಾಡಿ ಹೋಗಬಾರದು. ಬೋರಲಾಗಿ, ತಲೆ ಮುಂದೆ ಮಾಡಿ ಜೋರಾಗಿ ಈಜಿ, ಮರದ ಮೇಲೆ ಹತ್ತಬೇಕು.

ಇಂಥದೇ ಇನ್ನೊಂದು ಉಲ್ಟಾ ಮಾತು "ಹೈ ಸೈಡ್" ಅನ್ನುವ ಕೂಗು. ದೋಣಿ ಅಡ್ಡವಾಗಿ ಬಂಡೆಗೆ ತಾಗಿದಾಗ ಎಲ್ಲರಿಗೂ ಬಂಡೆಯಿಂದ ದೂರ ಸರಿಯಬೇಕು ಅನ್ನಿಸುತ್ತದೆ. ಸರಿದರೆ ನೀರು ಬರುವ ಕಡೆಯ ಅಂಚು ತಗ್ಗುತ್ತದೆ, ನೀರು ಒಳನುಗ್ಗಿ ದೋಣಿಯನ್ನು ಬಂಡೆಗೆ ಸುತ್ತಿಬಿಡುತ್ತದೆ. ಅದಕ್ಕೇ ಗೈಡ್ ಬಂಡೆಯ ಕಡೆಗೇ ಹಾರಲು ಕೂಗುತ್ತಾರೆ.

## ಗ್ರೇಡ್ ಅಂದರೇನು

ನದಿಗಳ ಕಷ್ಟವನ್ನು 1ರಿಂದ 6ರವರೆಗೆ ಅಳೆಯುತ್ತಾರೆ. 1 ಅಂದರೆ ಬರೀ ಹರಿಯುವ ನೀರು. 2ರಲ್ಲಿ ಚಿಕ್ಕ ಅಲೆಗಳು, ಅಗಲವಾದ ದಾರಿ. 3ರಲ್ಲಿ ಅಲೆಗಳು ದೊಡ್ಡವು, ದೋಣಿಯನ್ನು ತಿರುಗಿಸಬೇಕಾಗುತ್ತದೆ. ಮೊದಲ ಸಲ ಹೋಗುವವರಿಗೆ 2 ಮತ್ತು 3 ಸಾಕು. 4ರಲ್ಲಿ ತಪ್ಪು ಮಾಡಿದರೆ ಪೆಟ್ಟು ಬೀಳುತ್ತದೆ. 5 ಪಳಗಿದವರಿಗೆ. 6ನ್ನು ದಾಟಲಾಗದ್ದು ಅಂತಲೇ ಎಣಿಸುತ್ತಾರೆ.

ಈ ಅಂಕಿ ನದಿಯ ಹಣೆಬರಹ ಅಲ್ಲ. ನೀರು ಏರಿದರೆ ಅದೇ ರ‍್ಯಾಪಿಡ್ 3ರಿಂದ 4 ಆಗುತ್ತದೆ. ಕೆಲವು ಕಡೆ ನೀರು ಏರಿ ಬಂಡೆ ಮುಳುಗಿ ಸುಲಭವೂ ಆಗುತ್ತದೆ. "ಇದು ಗ್ರೇಡ್ 3 ನದಿ" ಅಂದರೆ "ಇವತ್ತೂ ಹಾಗೇ ಇದೆಯಾ?" ಅಂತ ಕೇಳಬೇಕು. ನೀರು ತಣ್ಣಗಿದ್ದರೆ ಒಂದು ಗ್ರೇಡ್ ಜಾಸ್ತಿ ಅಂತಲೇ ಇಟ್ಟುಕೊಳ್ಳಬೇಕು. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಕೊರೆಯುವ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ತಾನಾಗಿ ಮೇಲೆ ಮೇಲೆ ಬರುತ್ತದೆ. ಆಗ ಮುಖ ನೀರಿನ ಮೇಲಿದ್ದರೆ ಸಾಕು.

## ಈಜು ಬರಬೇಕಾ?

ಎಲ್ಲರೂ ಕೇಳುವ ಪ್ರಶ್ನೆ. ಮೊದಲ ಸಲದ ಸ್ಕೂಬಾ ಇಳಿತಕ್ಕೆ ಬಹಳ ಕಡೆ ಈಜಿನ ಪರೀಕ್ಷೆ ಇರುವುದಿಲ್ಲ, ತರಬೇತುದಾರ ಜೊತೆಯಲ್ಲೇ ಇರುತ್ತಾರೆ. ಕೋರ್ಸ್ ಮಾಡಬೇಕಾದರೆ 200 ಮೀಟರ್ ನಿಲ್ಲದೆ ಈಜಿ, 10 ನಿಮಿಷ ತೇಲಿ ತೋರಿಸಬೇಕು. ನದಿಯಲ್ಲಿ ಗ್ರೇಡ್ 2, 3ರವರೆಗೆ ಈಜು ಬಾರದವರನ್ನೂ ಹತ್ತಿಸಿಕೊಳ್ಳುತ್ತಾರೆ, ಲೈಫ್ ಜಾಕೆಟ್ ಇದ್ದೇ ಇರುತ್ತದೆ. ನೀರಿನಲ್ಲಿ ದೊಡ್ಡವರನ್ನು ತೇಲಿಸಲು ನಾಲ್ಕೈದು ಕಿಲೋ ಎತ್ತುವ ಬಲ ಸಾಕು, ಜಾಕೆಟ್ ಅದಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ಸಡಿಲವಾಗಿದ್ದರೆ ಜಾಕೆಟ್ ತೇಲುತ್ತದೆ, ಅದರೊಳಗಿಂದ ನೀವು ಜಾರುತ್ತೀರಿ. ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ. ಅದು ಮೂಗಿನವರೆಗೆ ಬಂದರೆ ಇನ್ನೂ ಬಿಗಿಯಬೇಕು.

ಈಜಿಗಿಂತ ಮುಖ್ಯವಾದದ್ದು ಆ ಫಾರಂ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಹಿಂದೆ ಶ್ವಾಸಕೋಶ ಕುಸಿದದ್ದು, ಗರ್ಭ ಇವುಗಳ ಬಗ್ಗೆ ಅದರಲ್ಲಿ ಕೇಳುವುದು ಕಾಟಾಚಾರಕ್ಕಲ್ಲ. ಇಲ್ಲಿಯವರೆಗೆ ಓದಿದ್ದೀರಲ್ಲ, ಪ್ರತಿ ಪ್ರಶ್ನೆಯೂ ಯಾಕಿದೆ ಅಂತ ನೀವೇ ಹೇಳಬಲ್ಲಿರಿ. ಒಂದಕ್ಕೆ ಹೌದು ಅಂತ ಬಂದರೂ ಡೈವಿಂಗ್‌ಗೆ ಮುಂಚೆ ವೈದ್ಯರ ಒಪ್ಪಿಗೆ ಬೇಕು.

## ಎರಡೂ ಒಂದೇ ರಜೆಯಲ್ಲಿ ಮಾಡುವುದಾದರೆ

ನದಿ ಮೊದಲು, ಸಮುದ್ರ ಆಮೇಲೆ. ಕಾರಣ ಮತ್ತೆ ಸೋಡಾ ಬಾಟಲಿ. ಡೈವಿಂಗ್ ಮುಗಿಸಿ ಮೇಲೆ ಬಂದಮೇಲೂ ಮೈಯಲ್ಲಿ ಒಂದಿಷ್ಟು ನೈಟ್ರೋಜನ್ ಉಳಿದಿರುತ್ತದೆ, ಗಂಟೆಗಟ್ಟಲೆ ಮೆಲ್ಲಗೆ ಹೋಗುತ್ತಿರುತ್ತದೆ. ಆಗ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇನ್ನೂ ಕಡಿಮೆಯಾಗಿ, ಉಳಿದ ಗ್ಯಾಸ್ ಗುಳ್ಳೆಯಾಗಬಹುದು. ವಿಮಾನದೊಳಗಿನ ಒತ್ತಡ ಸುಮಾರು 2,000 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಆದ್ದರಿಂದ ಒಂದೇ ಸಲ ಇಳಿದವರು ಕಡಿಮೆಯೆಂದರೂ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಇಳಿದವರು 18 ಗಂಟೆ ವಿಮಾನ ಹತ್ತಬಾರದು. ಲೆಕ್ಕ ಗೊಂದಲ ಬೇಡ ಅಂತ ಒಂದು ಪೂರ್ತಿ ದಿನ ಬಿಡುವವರೇ ಜಾಸ್ತಿ.

ಇದು ವಿಮಾನಕ್ಕಷ್ಟೇ ಅಲ್ಲ, ಬೆಟ್ಟದ ರಸ್ತೆಗೂ ಅನ್ವಯಿಸುತ್ತದೆ. ರಾಫ್ಟಿಂಗ್‌ನ ನದಿಗಳು ಇರುವುದೇ ಬೆಟ್ಟಸೀಮೆಯಲ್ಲಿ. ಬೆಳಿಗ್ಗೆ ಸಮುದ್ರದಲ್ಲಿ ಮುಳುಗಿ, ಮಧ್ಯಾಹ್ನ ಕಾರು ಹತ್ತಿ, ಸಂಜೆಗೆ ಬೆಟ್ಟದ ಮೇಲಿನ ನದಿದಡದ ಟೆಂಟ್ ಸೇರುವ ಯೋಜನೆ ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ತಿರುಗಿಸಿ ಹಾಕಿ. ಮೊದಲು ಬೆಟ್ಟದ ನದಿ, ಆಮೇಲೆ ಕೆಳಗಿಳಿದು ಸಮುದ್ರ, ಕೊನೆಯ ದಿನ ದಡದಲ್ಲಿ ಸುಮ್ನೆ ಕೂರುವುದು, ಆಮೇಲೆ ವಿಮಾನ.